ಬಿಸ್ಕತ್ತಿನ ಡಬ್ಬದಲ್ಲಿದ್ದ ಆಸ್ಪತ್ರೆ

ಊರಿನವರು ನಮ್ಮ ಯಜಮಾನರಿಗೆ ಇಟ್ಟ ಹೆಸರು ಕತ್ತರಿ. ಇಪ್ಪತ್ತೇಳು ವರ್ಷ ಒಂದೇ ಟಾಕೀಸಿನ ಆಪರೇಟರು. ಪ್ರೊಜೆಕ್ಟರ್ ಓಡಿಸುವುದೆಂದರೆ ದಿನಕ್ಕೆ ಮೂರು ಸಲ, ವಾರಕ್ಕೆ ಇಪ್ಪತ್ತೊಂದು ಸಲ ಅದೇ ಸಿನಿಮಾ ನೋಡುವ ಶಿಕ್ಷೆ. ಇಪ್ಪತ್ತೊಂದು ಸಲ ನೋಡಿದರೆ ಎಂಥ ಚೆಲುವೆಯ ಮುಖದಲ್ಲೂ ಮೊಡವೆ ಕಾಣುತ್ತದೆ, ಒಪ್ಪುತ್ತೇನೆ. ಇವರಿಗೆ ಮಾತ್ರ ಅದು ಮೊದಲನೇ ಸಲಕ್ಕೇ ಕಾಣುತ್ತಿತ್ತು. ಅಂಗಿಗೆ ಒಂದು ಗುಂಡಿ ನೆಟ್ಟಗೆ ಹೊಲಿದುಕೊಳ್ಳಲು ಬಾರದ ಮನುಷ್ಯ, ಸಿನಿಮಾ ಹೇಗೆ ತೆಗೆಯಬೇಕೆಂದು ಊರಿಗೆಲ್ಲ ಪಾಠ ಹೇಳುತ್ತಿದ್ದರು.

ಕತ್ತರಿ ಎಂಬ ಹೆಸರು ನಾಲಿಗೆಯ ದೆಸೆಯಿಂದ ಬಂದದ್ದಲ್ಲ, ನಾಲಿಗೆಗೂ ಒಪ್ಪುತ್ತಿತ್ತು ಅಷ್ಟೆ. ಮಧ್ಯಾಹ್ನದ ಆಟ ಐದೂವರೆಗೆ ಮುಗಿಯಲೇಬೇಕು, ಇಲ್ಲದಿದ್ದರೆ ಸುತ್ತಲಿನ ಹಳ್ಳಿಯವರಿಗೆ ಬಸ್ಸು ತಪ್ಪುತ್ತದೆ ಎಂಬುದು ಮಾಲೀಕರ ಕಟ್ಟಪ್ಪಣೆ. ಸಿನಿಮಾ ಉದ್ದವಿದ್ದರೆ ಹತ್ತು ಹದಿನೈದು ನಿಮಿಷ ತೆಗೆಯಬೇಕು. ಯಾವುದನ್ನು ತೆಗೆಯುವುದು ಎನ್ನುವುದು ಮಾತ್ರ ಇವರಿಗೆ ಬಿಟ್ಟದ್ದು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಶುಕ್ರವಾರ ಬೆಳಗ್ಗೆ ರೀಲು ಬಂತೋ ಇಲ್ಲವೋ, ಒಮ್ಮೆ ಓಡಿಸಿ ನೋಡಿ ಕತ್ತರಿ ಹಿಡಿದು ಕೂರುವರು. ತುಂಡುಗಳನ್ನು ಸುತ್ತಿ, ಚೀಟಿ ಅಂಟಿಸಿ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿಡುವರು. ಗುರುವಾರ ಕೊನೆಯ ಆಟ ಮುಗಿದ ಮೇಲೆ ಅವನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಅಂಟಿಸಿ ಮುಂದಿನ ಊರಿಗೆ ಕಳಿಸಬೇಕು. ಚೀಟಿಯಲ್ಲಿ ರೀಲಿನ ನಂಬರು ಬರೆದರೆ ಸಾಕಿತ್ತು. ಇವರು ಅಭಿಪ್ರಾಯವನ್ನೂ ಬರೆಯುತ್ತಿದ್ದರು. ‘ರೀಲು ಮೂರು, ಅಳು.’ ‘ರೀಲು ಒಂಬತ್ತು, ಮತ್ತೆ ಅದೇ ಅಳು.’ ‘ರೀಲು ಹನ್ನೊಂದು, ಇವನಿಗೆ ಯಾರು ಹಾಡಲು ಹೇಳಿದರು?’

ಬೆಳಗ್ಗೆ ತಟ್ಟೆಯ ಮುಂದೆ ಕೂತರೆ ನಮಗೂ ಅದೇ ಬಡಿಸುತ್ತಿದ್ದರು. ಒಂದು ವಾರ ದೆವ್ವದ ಸಿನಿಮಾ ಬಂದಿತ್ತು. ಊರಿಗೆ ಊರೇ ಹೆದರಿ ಗುಂಪಾಗಿ ಮನೆಗೆ ಹೋಗುತ್ತಿದ್ದಾಗ ಇವರು, "ಸತ್ತ ಮೇಲೂ ಬಾಗಿಲು ತೆಗೆಯೋದು, ಬಾಗಿಲು ಹಾಕೋದು. ನಮ್ಮ ಗೇಟ್‌ಕೀಪರ್ ಅದನ್ನ ಬದುಕಿದ್ದಾಗಲೇ ಮಾಡ್ತಾನೆ, ಅವನನ್ನ ನೋಡಿ ಯಾರಾದ್ರೂ ಚೀರ್ತಾರಾ?" ಎಂದರು.

ಯುದ್ಧದ ಸಿನಿಮಾಕ್ಕೆ ಬೇರೆ ಮಂಗಳಾರತಿ. "ಎದೆಗೆ ಮೂರು ಗುಂಡು ಬಿದ್ದಿದೆ, ಇನ್ನೂ ಹನ್ನೊಂದು ನಿಮಿಷ ಭಾಷಣ ಮಾಡ್ತಾನೆ! ನನಗೆ ಹಲ್ಲು ನೋವು ಬಂದ್ರೆ ನೀರು ಬೇಕು ಅನ್ನೋಕೂ ಆಗಲ್ಲ. ಎರಡು ನಿಮಿಷಕ್ಕೆ ಸಾಯಿಸಿದೆ."

ಪ್ರಶಸ್ತಿ ಬಂದ ಸಿನಿಮಾವೂ ಒಂದು ವಾರ ಬಂದಿತ್ತು, ಮೇಷ್ಟ್ರುಗಳೆಲ್ಲ ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ನೋಡಲು ಬಂದಿದ್ದರು. ಅದರಲ್ಲೊಬ್ಬ ಮುದುಕ ಬಾವಿಕಟ್ಟೆಯ ಮೇಲೆ ಏಳು ನಿಮಿಷ ಸುಮ್ಮನೆ ಕೂರುತ್ತಾನಂತೆ. "ನೀರು ಸೇದೋಕೆ ಬಂದವನು ಸೇದಿ ಹೋಗ್ಬೇಕಪ್ಪ. ಒಂದೂವರೆ ನಿಮಿಷ ಕೊಟ್ಟಿದ್ದೀನಿ, ಧಾರಾಳ ಆಯ್ತು." ಆಟ ಮುಗಿದ ಮೇಲೆ ಮೇಷ್ಟ್ರೊಬ್ಬರು ಇವರ ಕೈ ಹಿಡಿದು, ಆ ಬಾವಿಯ ಮೌನ ಅದ್ಭುತ ಎಂದರಂತೆ. ಅವರು ನೋಡಿದ್ದು ಇವರ ಮೌನ ಎಂದು ಪಾಪ ಅವರಿಗೆ ಹೇಗೆ ತಿಳಿಯಬೇಕು. ಇನ್ನು ಪತ್ತೇದಾರಿ ಸಿನಿಮಾದಲ್ಲಿ ಕೊಲೆಗಾರ ಯಾರೆಂದು ಇವರಿಗೆ ಎರಡನೇ ರೀಲಿನಲ್ಲೇ ಗೊತ್ತಾಗುತ್ತಿತ್ತು, ಗೊತ್ತಾದದ್ದನ್ನು ಟೀ ಕುಡಿಯುವಾಗ ಟಿಕೆಟ್ಟಿನ ಸಾಲಿನಲ್ಲಿ ನಿಂತವರಿಗೂ ಹೇಳಿಬಿಡುತ್ತಿದ್ದರು. ಒಮ್ಮೆ ಅದಕ್ಕೇ ಒದೆ ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ತಿಂದಿದ್ದರೆ ನಾನೇನೂ ಬೇಸರ ಪಡುತ್ತಿರಲಿಲ್ಲ.

ಇಷ್ಟು ವರ್ಷದಲ್ಲಿ ಇವರು ಮೆಚ್ಚಿದ್ದು ಒಂದು ನಾಯಿಯನ್ನು. ಯಾವುದೋ ದೂರದೇಶದ ಸಿನಿಮಾ. ಯಜಮಾನ ಸತ್ತ ಮೇಲೆ ಒಂದು ಕಂದು ಬಣ್ಣದ ನಾಯಿ ದಿನಾ ಅವನ ಚಪ್ಪಲಿಯ ಪಕ್ಕದಲ್ಲಿ ಮಲಗುತ್ತದೆ. ಇವರು ಆ ವಾರ ಕತ್ತರಿ ಮುಟ್ಟಲಿಲ್ಲ. "ಅದು ಒಂದೇ ನಟ ಕಣೇ ನಾನು ನೋಡಿದ್ದು. ಮಾತಿಲ್ಲ, ಕತೆಯಿಲ್ಲ, ಮಾಡೋ ಕೆಲಸ ಮಾಡ್ತು, ಹೋಯ್ತು," ಎಂದರು. ಆಮೇಲೆ ಯಾವ ಮಹಾನಟ ಬಂದರೂ ಆ ನಾಯಿಯ ಉಗುರಿಗೂ ಸಮ ಇರಲಿಲ್ಲ.

ನನ್ನ ತಮ್ಮ ಬೆಳೆದದ್ದು ಇಂಥ ಮನೆಯಲ್ಲಿ. ಅಪ್ಪ ಹೋದ ಮೇಲೆ ಅಮ್ಮನೂ ಅವನೂ ನಮ್ಮ ಜೊತೆಗೇ ಇದ್ದರು. ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಇಸ್ತ್ರಿ ಅಂಗಡಿ. ತಮ್ಮ ಸ್ಕೂಲಿನಿಂದ ಬಂದವನೇ ಅಮ್ಮನ ಎದುರು ನಿಂತು ಅಂಗಿ ಮಡಚುತ್ತಿದ್ದ. ಮೊದಲು ಕಾಲರ್ ಒತ್ತಬೇಕು, ಎಡತೋಳು ಹಿಂದಕ್ಕೆ, ಬಲತೋಳು ಅದರ ಮೇಲೆ, ಆಮೇಲೆ ಅಂಗೈಯಿಂದ ಒಂದು ಸಲ ಸವರಬೇಕು. ಸವರುವುದು ಅಮ್ಮನ ಅಭ್ಯಾಸ, ಅದರಿಂದ ಅಂಗಿಗೇನೂ ಆಗುವುದಿಲ್ಲ. ಅವನು ಅದನ್ನೂ ಕಲಿತಿದ್ದ.

ಇಪ್ಪತ್ತೆರಡಕ್ಕೆ ಬಂದಾಗ ಒಂದು ದಿನ ಊಟದ ಹೊತ್ತಿಗೆ, "ಭಾವ, ನಾನು ಸಿನಿಮಾದಲ್ಲಿ ಪಾರ್ಟ್ ಮಾಡ್ಬೇಕು ಅಂತಿದ್ದೀನಿ," ಎಂದ. ಎದ್ದು ನಿಂತು, ತಾನೇ ಬರೆದ ಎರಡು ಸಾಲು ಆಡಿಯೂ ತೋರಿಸಿದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇವರು ತುತ್ತು ಅಗಿಯುವುದನ್ನು ಕೂಡ ನಿಲ್ಲಿಸಲಿಲ್ಲ.

"ಮಾಡು ಮಾಡು. ಈ ಮುಖ ಪರದೆ ಮೇಲೆ ಬಂದ್ರೆ ಮೊದಲು ಕತ್ತರಿ ಹಾಕೋನು ನಾನೇ."

ಅವನ ಮುಖ ಸಣ್ಣದಾಯಿತು. "ಆಯ್ತು ಭಾವ. ನಾನು ಪರದೆ ಮೇಲೆ ಬಂದು, ಅದನ್ನ ಅಮ್ಮ ನೋಡಿದ ದಿನವೇ ಈ ಹೊಸ್ತಿಲು ದಾಟೋದು," ಎಂದು ಚೀಲ ತೆಗೆದುಕೊಂಡು ಹೋದ. ಆರು ವರ್ಷ ಬರಲಿಲ್ಲ. ಎಲುಬಿಲ್ಲದ ನಾಲಿಗೆ ಒಂದು ಕ್ಷಣ ಆಡಿತು, ಅಮ್ಮ ಆರು ವರ್ಷ ಬಾಗಿಲು ನೋಡಿದರು. ನಾನು ಇವರನ್ನು ಅದಕ್ಕಾಗಿ ಕ್ಷಮಿಸಿರಲಿಲ್ಲ, ಇವರೂ ಕೇಳಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಅಮ್ಮನ ಹೆಸರಿಗೆ ಕಾರ್ಡು ಬಂತು. ತಮ್ಮನದು. ನಿಮ್ಮ ಊರಲ್ಲಿ ಈ ವಾರ ಓಡುತ್ತಿರುವ ಸಿನಿಮಾದಲ್ಲಿ ನಾನಿದ್ದೇನೆ, ಇಂಟರ್ವಲ್ ಆದ ಮೇಲೆ ಆಸ್ಪತ್ರೆಯ ಸೀನಿನಲ್ಲಿ, ಸಣ್ಣ ಪಾರ್ಟು, ನೋಡಿ ಬರೆಯಮ್ಮ, ನೀನು ನೋಡಿದೆ ಅಂದರೆ ಬರುತ್ತೇನೆ ಎಂದು ಬರೆದಿದ್ದ. ಅಮ್ಮನಿಗೆ ಆಗಲೇ ಒಂದು ಕಣ್ಣು ಹೋಗಿತ್ತು. ಇನ್ನೊಂದಕ್ಕೆ ಬರುವ ವಾರ ಆಪರೇಷನ್. ಬೆಳಕು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿದ್ದರು. ಮರುದಿನ ಗುರುವಾರ, ಸಿನಿಮಾ ಹೋಗಿಬಿಡುತ್ತದೆ.

"ಅಳಿಯಂದಿರಿಗೆ ಹೇಳ್ಬೇಡ ಕಣೇ. ನಗ್ತಾರೆ," ಎಂದರು ಅಮ್ಮ. ನಾನು ಹೇಳಲಿಲ್ಲ. ಅದೇ ನಾನು ಮಾಡಿದ ತಪ್ಪು. ಇಪ್ಪತ್ತು ವರ್ಷ ಕತ್ತರಿಯ ಜೊತೆ ಸಂಸಾರ ಮಾಡಿದವಳಿಗೆ ಆ ಡಬ್ಬದ ನೆನಪೇ ಆಗಲಿಲ್ಲವಲ್ಲ!

ಗುರುವಾರ ಮಧ್ಯಾಹ್ನದ ಆಟಕ್ಕೆ ಅಮ್ಮನನ್ನು ಮುಂದಿನಿಂದ ನಾಲ್ಕನೇ ಸಾಲಿನಲ್ಲಿ ಕೂರಿಸಿದೆ. ಸಿನಿಮಾ ಎಂಥದ್ದು ಕೇಳಬೇಡಿ. ನಲವತ್ತೈದು ದಾಟಿದ ಹೀರೋ ಕಾಲೇಜಿಗೆ ಹೋಗುತ್ತಾನೆ, ಹೀರೋಯಿನ್ನಿಗೆ ಅವನನ್ನು ಕಂಡರಾಗದು, ಎರಡು ಹಾಡು ಹಾಡಿದ ಮೇಲೆ ಆಗುತ್ತದೆ. ನಮ್ಮ ಯಜಮಾನರ ಬಾಯಿ ನನಗೂ ಅಂಟಿದೆ, ಏನು ಮಾಡಲಿ. ಇಂಟರ್ವಲ್ ಆಯಿತು. ಹೀರೋನ ಅಪ್ಪ ಎದೆ ಹಿಡಿದುಕೊಂಡು ಬಿದ್ದ, ಆಂಬುಲೆನ್ಸ್ ಓಡಿತು. ಅಮ್ಮ ನನ್ನ ಕೈ ಹಿಡಿದು ಮುಂದಕ್ಕೆ ಬಾಗಿದರು. ಆಂಬುಲೆನ್ಸ್ ಹೋದ ಮರುಕ್ಷಣ ಹೀರೋ ಹೂತೋಟದಲ್ಲಿ ಕುಣಿಯುತ್ತಿದ್ದ.

"ಆಸ್ಪತ್ರೆ ಎಲ್ಲೇ?" ಎಂದರು ಅಮ್ಮ. "ನನಗೇ ಕಾಣಿಸ್ಲಿಲ್ವಾ?"

ಆಗ ನೆನಪಾಯಿತು ನನಗೆ ಆ ಡಬ್ಬ. "ಇರು, ಬಂದೆ," ಎಂದು ಎದ್ದವಳು ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲನ್ನು ಹೇಗೆ ಹತ್ತಿದೆನೋ ತಿಳಿಯದು. ಇವರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ರೀ, ಆಸ್ಪತ್ರೆ ಎಲ್ಲಿ?"

"ಯಾರಿಗೆ ಏನಾಯ್ತು?"

"ಸಿನಿಮಾದ ಆಸ್ಪತ್ರೆ! ಏನ್ ಮಾಡಿದ್ರಿ ಅದನ್ನ?"

"ಓ, ಅದಾ. ಶುಕ್ರವಾರನೇ ತೆಗೆದೆ. ಮಂಚ ಕಂಡ ಕೂಡಲೇ ಗೊತ್ತಾಯ್ತು, ಇನ್ನು ಗೋಳು ಅಂತ. ಅದಕ್ಕೆ ಇಷ್ಟು ದೂರ ಬಂದ್ಯಾ?"

ಕಾರ್ಡನ್ನು ಅವರ ಮುಖಕ್ಕೆ ಹಿಡಿದೆ. ಓದಿದರು. ಟೀ ಲೋಟ ಕೆಳಗಿಟ್ಟರು. ಡಬ್ಬ ತೆಗೆದು, ‘ರೀಲು ಹತ್ತು, ಆಸ್ಪತ್ರೆ, ಗೋಳು’ ಎಂಬ ಚೀಟಿಯ ತುಂಡನ್ನು ಬಿಚ್ಚಿ ಬಲ್ಬಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಮೊದಲು ಮಂಚ. ಡಾಕ್ಟರು. ಅಳು. ಮುಂದೆ ಇನ್ನೂ ಬಿಚ್ಚಿದರು. ಕೊನೆಗೆ ಅವರ ಬೆರಳು ನಿಂತಿತು.

"ಇವನೇ," ಎಂದರು. "ನಾನು ಮುಖ ನೋಡ್ಲೇ ಇಲ್ಲ ಕಣೇ. ಮುಖನೇ ನೋಡ್ಲಿಲ್ಲ."

"ಆರು ವರ್ಷದ ಹಿಂದೆನೂ ನೋಡ್ಲಿಲ್ಲ," ಎಂದೆ. ಅನ್ನಬೇಕೆಂದೇ ಅಂದೆ.

ಓಡುತ್ತಿದ್ದದ್ದು ಹನ್ನೊಂದನೇ ರೀಲು. ಹನ್ನೆರಡನೆಯದು ಪಕ್ಕದ ಮೆಷಿನ್ನಿನಲ್ಲಿ ಸಿದ್ಧವಾಗಿತ್ತು. "ಇನ್ನು ಐದು ನಿಮಿಷ ಇದೆ. ಹೋಗಿ ಅತ್ತೆ ಪಕ್ಕ ಕೂತ್ಕೋ, ಎದ್ದು ಹೋಗೋಕೆ ಬಿಡ್ಬೇಡ," ಎಂದು ಆ ರೀಲನ್ನು ಇಳಿಸಿ, ತುದಿ ಕೆರೆದು ಆಸ್ಪತ್ರೆಯ ತುಂಡಿಗೆ ಅಂಟು ಹಚ್ಚಲು ಕೂತರು. ಮೆಚ್ಚಬೇಕಾದದ್ದನ್ನು ಮೆಚ್ಚಬೇಕು, ಅಷ್ಟು ಅವಸರದಲ್ಲೂ ಅಂಟಿಸಿದ್ದು ನೆಟ್ಟಗಿತ್ತು.

ಹಾಗಾಗಿ ಆ ದಿನ ನಮ್ಮ ಊರಿನಲ್ಲಿ ಹೀರೋನ ಮದುವೆಯ ನಡುವೆ, ಹಾರ ಕೈಯಲ್ಲಿ ಹಿಡಿದಿರುವಾಗಲೇ, ಆಸ್ಪತ್ರೆ ಬಂತು. ಹೀರೋನ ಅಪ್ಪ ಸತ್ತ. ಮರುಕ್ಷಣ ಅದೇ ಹೀರೋ ಮದುವೆಮನೆಯಲ್ಲಿ ಹಾರ ಹಾಕಿ ನಗುತ್ತಿದ್ದ. ಮುನ್ನೂರು ಜನ ನೋಡಿದರು, ಒಬ್ಬ ಮಹಾನುಭಾವನೂ ಇದೇನು ಎಂದು ಕೇಳಲಿಲ್ಲ. ನನ್ನ ಹಿಂದೆ ಕೂತ ಹೆಂಗಸು ಎರಡಕ್ಕೂ ಅತ್ತಳು. ಇಂಥ ಜನಕ್ಕೆ ಇಂಥ ಸಿನಿಮಾ, ನಮ್ಮವರು ಹೇಳುವುದರಲ್ಲಿ ಏನು ತಪ್ಪು?

ನನ್ನ ತಮ್ಮ ಬಂದದ್ದು ಹೀರೋನ ಅಪ್ಪ ಸತ್ತ ಮೇಲೆ, ಎಲ್ಲರೂ ಅತ್ತು ಮುಗಿಸಿದ ಮೇಲೆ. ವಾರ್ಡಿನ ಆಳು. ಗಡ್ಡ ಬಿಟ್ಟಿದ್ದ, ಮುಖ ಅರ್ಧ ನೆರಳಲ್ಲಿತ್ತು. ಅವನಿಗೆ ಒಂದು ಮಾತೂ ಇರಲಿಲ್ಲ. ಸತ್ತವನ ಅಂಗಿಯನ್ನು ಕುರ್ಚಿಯಿಂದ ತೆಗೆದು, ಮಂಚದ ಕಾಲ ಬಳಿ ಇಟ್ಟು, ಎಡತೋಳು ಹಿಂದಕ್ಕೆ, ಬಲತೋಳು ಅದರ ಮೇಲೆ ಮಡಚಿದ. ಅಂಗೈಯಿಂದ ಒಂದು ಸಲ ಸವರಿದ. ಮಗನ ಕೈಗೆ ಕೊಟ್ಟು ಹೊರಗೆ ಹೋದ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಖ ಕಾಣಿಸ್ಲಿಲ್ಲ ಕಣೇ, ಕೈ ಕಾಣಿಸ್ತು. ಅವನೇ," ಎಂದರು. ಆಮೇಲೆ, "ಕಾಲರ್ ಒತ್ತಲಿಲ್ಲ ನೋಡು. ಯಾವಾಗ್ಲೂ ಅವಸರ ಅವನಿಗೆ," ಎಂದರು.

ಮರುದಿನ ಶುಕ್ರವಾರ. ಹೊಸ ರೀಲು ಬಂದಿದ್ದರೂ ಇವರು ಕತ್ತರಿ ಬಿಟ್ಟು ಕಾರ್ಡು, ಪೆನ್ನು ಹಿಡಿದು ಕೂತರು. ಅಮ್ಮ ಹೇಳಿದ್ದನ್ನು ಮೊದಲು ಬರೆದರು, ಕಾಲರಿನ ಮಾತನ್ನೂ ಬಿಡಲಿಲ್ಲ. ಕೆಳಗೆ ತಮ್ಮದೊಂದು ಸಾಲು ಸೇರಿಸಲು ಅರ್ಧ ಗಂಟೆ ಬೇಕಾಯಿತು. ‘ನಾಯಿಯಷ್ಟೇ ಚೆನ್ನಾಗಿ ಮಾಡಿದ್ದೀಯ. ಮನೆಗೆ ಬಾ. ಭಾವ.’

"ಹೀಗೆ ಬರೆದ್ರೆ ಅವನು ಏನ್ ತಿಳ್ಕೋಬೇಕು ರೀ!" ಎಂದೆ.

"ನಿಜ ಬರೆದಿದ್ದೀನಿ. ಹಾಕು ಅಂಚೆ ಡಬ್ಬಕ್ಕೆ," ಎಂದರು. ಹಾಕಿದೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಒಂದು ಗಂಟೆಗೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಗಡ್ಡ ತೆಗೆದಿದ್ದ, ತುಂಬ ಸೊರಗಿದ್ದ. ಅಮ್ಮ ಎದ್ದು ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು. ಅವನು ಅಮ್ಮನ ತಲೆಯ ಮೇಲಿನಿಂದ ಇವರನ್ನೇ ನೋಡುತ್ತಿದ್ದ, ಜೇಬಿನಲ್ಲಿ ಕಾರ್ಡಿತ್ತು.

"ಯಾವ ನಾಯಿ ಭಾವ?"

"ಒಳಗೆ ಬಾ, ಹೇಳ್ತೀನಿ," ಎಂದರು ಇವರು.

ಅವನನ್ನು ಎದುರಿಗೆ ಕೂರಿಸಿಕೊಂಡು, ನಾಯಿ ಮರಿಯಾಗಿದ್ದಲ್ಲಿಂದ ಶುರುಮಾಡಿ ಚಪ್ಪಲಿಯ ಪಕ್ಕ ಮಲಗುವವರೆಗೆ ಇಡೀ ಸಿನಿಮಾ ಹೇಳಿದರು. ಅಳುವ ಸೀನುಗಳನ್ನೂ ಹೇಳಿದರು, ಹೇಳುವಾಗ ಅವರೂ ಅತ್ತರು. ಒಂದನ್ನೂ ಬಿಡಲಿಲ್ಲ. ಆ ದಿನ ಮಧ್ಯಾಹ್ನದ ಆಟ ನಲವತ್ತು ನಿಮಿಷ ತಡವಾಗಿ ಶುರುವಾಯಿತು, ಹಳ್ಳಿಯವರಿಗೆಲ್ಲ ಬಸ್ಸು ತಪ್ಪಿತು.