ಎರಡೂ ಮೊದಲನೆಯವಾದ ದಿನ

ನಾನು ಕೆಲಸ ಮಾಡುವ ಸಹಕಾರಿ ಸಂಘಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಕಚೇರಿಗಳಿವೆ. ಮೂರೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚು ಕೈಯಲ್ಲಿ ಹಿಡಿಯುವ ಡಬ್ಬಿಯಲ್ಲ, ಸರ್ವರುಗಳ ಒಳಗೆ ಸಾಫ್ಟ್‌ವೇರಾಗಿ ಓಡುವಂಥದು. ಅದನ್ನು ನಡೆಸುವ ಮೇಲ್ವಿಚಾರಕಗಳು ಎರಡು, ಅವೂ ಸಾಫ್ಟ್‌ವೇರೇ. ಸಿಂಧನೂರಿನದು ಕೆಲಸ ಮಾಡುತ್ತದೆ, ಲಿಂಗಸುಗೂರಿನದು ಕಾಯುತ್ತ ಕೂರುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಕೆಲಸ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಮೂರೂ ಊರಿನ ಕೌಂಟರುಗಳು ಒಟ್ಟಿಗೆ ನಿಲ್ಲುತ್ತವೆ.

ಲಿಂಗಸುಗೂರಿನ ಡಿಸ್ಕು ಕೆಟ್ಟಿತ್ತು. ಗುರುವಾರ ಅಲ್ಲಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಹಾಕಿ, ಮಸ್ಕಿಯ ಮನೆಗೆ ಮರಳಿದ್ದೆ. ಶುಕ್ರವಾರ ಬೆಳಿಗ್ಗೆ ಸಿಂಧನೂರಿಗೆ ಬಂದು ನೋಡಿದರೆ ಪರದೆಯ ಮೇಲೆ ಜೋಡಿ ಕಾಣಲಿಲ್ಲ. ಸಂಗಾತಿ ಇಲ್ಲ ಎಂದು ಬರೆದಿತ್ತು.

ಅದೇ ಹೊತ್ತಿಗೆ ಕಸ ಗುಡಿಸುವ ಅಕ್ಕ ಒದ್ದೆ ಬಟ್ಟೆ ಹಿಡಿದು ಸರ್ವರ್ ಕೋಣೆಯಿಂದ ಹೊರಬಂದರು. ಭತ್ತದ ಕೊಯ್ಲಿನ ದಿನಗಳು, ಒಂದು ದಿನ ಬಿಟ್ಟರೂ ಸರ್ವರುಗಳ ಕಪಾಟಿನ ಮೇಲೆ ಬೆರಳಲ್ಲಿ ಬರೆಯುವಷ್ಟು ದೂಳು. ಶುಕ್ರವಾರವಾದ್ದರಿಂದ ಕಪಾಟಿನ ಬಾಗಿಲಿಗೆ ಕುಂಕುಮವೂ ಬಿದ್ದಿತ್ತು. ಕುಂಕುಮ ಕಂಡದ್ದೇ ನನಗೆ ಕಾರಣ ಸಿಕ್ಕಿಬಿಟ್ಟಿತು.

“ಯಕ್ಕಾ, ನಿನ್ನೆ ಕೇಬಲ್ ನೆಟ್ಟಗಿತ್ತು. ಮುಂಜಾನೆ ನೀವು ಒರಸೀರಿ. ಈಗ ಜೋಡಿ ಇಲ್ಲ. ನಡುವ ಮತ್ಯಾರು ಒಳಗ ಹೋಗ್ಯಾರ?”

“ಯಾರೂ ಹೋಗಿಲ್ಲಪ್ಪ. ನಾ ಬಾಗಲಾ ಒರಸೀನಿ, ವೈರಿಗೆ ಕೈ ಹಚ್ಚಿಲ್ಲ.”

“ಹಚ್ಚಿಲ್ಲಂತ ಸಾಕ್ಷಿ ಏನೈತಿ?”

“ಹಚ್ಚೀನಂತ ನಿಮ್ಮ ಕಡೆ ಏನೈತ್ರಿ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಎದುರಾಳಿಯೂ ನನಗೆ ಇಷ್ಟು ಸರಿಯಾದ ಪ್ರಶ್ನೆ ಹಾಕಿರಲಿಲ್ಲ. ಉತ್ತರವಿಲ್ಲದಾಗ ಸಭಿಕರನ್ನು ನಗಿಸಬೇಕು ಎಂಬ ವಿದ್ಯೆ ಮಾತ್ರ ನೆನಪಿತ್ತು. “ಕುಂಕುಮಕ್ಕ ಸಿಗ್ನಲ್ ಬರ್ತಾವೇನು ಮತ್ತ?” ಎಂದೆ. ಕೌಂಟರಿನವರೆಲ್ಲ ನಕ್ಕರು. ವ್ಯವಸ್ಥಾಪಕರು ನಗಲಿಲ್ಲ. ಕಸ ಗುಡಿಸುವವರನ್ನು ಕಳಿಸುವ ಗುತ್ತಿಗೆದಾರನಿಗೆ ಫೋನು ಮಾಡಿ, “ಸೋಮವಾರದಿಂದ ಬ್ಯಾರೆಯಾಕಿನ್ನ ಕಳಸ್ರಿ” ಎಂದರು. ಅಕ್ಕ ಬಕೆಟ್ಟು ಎತ್ತಿಕೊಂಡು ಹಿಂದಕ್ಕೆ ಹೋದರು. ನಾನು ಗೆದ್ದಿದ್ದೆ.

ಕೇಬಲ್ ಬದಲಿಸಿದೆ. ಜೋಡಿ ಬರಲಿಲ್ಲ. ಪೋರ್ಟ್ ಬದಲಿಸಿದೆ, ಆಗಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆಯೇ ಓದಬೇಕಾಗಿದ್ದ ಸ್ಥಿತಿಪಟ್ಟಿಯನ್ನು ಕೊನೆಯವರೆಗೆ ಓದಿದೆ. ಕೆಳಗೊಂದು ಸಾಲಿತ್ತು: ಇದೇ ಗುಂಪಿನಲ್ಲಿ ಇನ್ನೊಂದು ಯಂತ್ರ ತಾನೂ ಮೊದಲನೆಯದೇ ಎನ್ನುತ್ತಿದೆ. ಪಕ್ಕದಲ್ಲಿದ್ದ ವಿಳಾಸ ಲಿಂಗಸುಗೂರಿನದು. ಹಾಗೆ ಹೇಳಿದ ಸಂದೇಶಗಳ ಎಣಿಕೆ ನಾನು ನೋಡುತ್ತಿರುವಾಗಲೇ ಏರುತ್ತಿತ್ತು.

ಅಂದರೆ ಲಿಂಗಸುಗೂರಿನ ಮಾತು ಸಿಂಧನೂರಿಗೆ ಬರುತ್ತಲೇ ಇತ್ತು. ಮಾತು ಬರುತ್ತಿದ್ದರೆ ತಂತಿ ಕಡಿದಿಲ್ಲ. ತಂತಿ ಕಡಿದಿಲ್ಲವಾದರೆ ಅಕ್ಕನ ಬಟ್ಟೆಯ ತಪ್ಪೇನೂ ಇಲ್ಲ.

ತಪ್ಪು ಎಲ್ಲಾಯಿತೆಂದು ಹುಡುಕಬೇಕಾಗಿರಲಿಲ್ಲ. ಗುರುವಾರ ಪರದೆ ‘ಮೊದಲನೆಯದೋ ಎರಡನೆಯದೋ’ ಎಂದು ಕೇಳಿದಾಗ ಲಿಂಗಸುಗೂರಿನ ಶಾಖಾ ಮುಖ್ಯಸ್ಥರು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. “ನಮ್ಮ ಶಾಖೆ ಎರಡನೇದಂತ ಯಾಕ ಬರೀತಿ ತಮ್ಮಾ? ನಮ್ದೂ ಮೊದಲನೇದಾ ಮಾಡು” ಎಂದಿದ್ದರು. ನಮ್ಮ ಕಡೆ ಆಮಂತ್ರಣ ಪತ್ರಿಕೆಯಲ್ಲಿ ಐವರ ಹೆಸರಿದ್ದರೆ ಐವರೂ ಮುಖ್ಯ ಅತಿಥಿಗಳೇ. ಎರಡನೆಯ ಅತಿಥಿ ಎಂದು ಅಚ್ಚು ಹಾಕಿಸಿದವರನ್ನು ನಾನು ಕಂಡಿಲ್ಲ. ಎರಡಕ್ಕೂ ಗುಂಪಿನ ಸಂಖ್ಯೆ ಒಂದೇ ಇದ್ದರೆ ಸಾಕು, ಇದೂ ಅಂಥದೇ ಮರ್ಯಾದೆಯ ಮಾತು ಎಂದುಕೊಂಡು ಒತ್ತಿಬಿಟ್ಟಿದ್ದೆ. ಎಲ್ಲದಕ್ಕೂ ವಾದ ಹೂಡುವ ನಾನು ಅಲ್ಲಿ ಹೂಡಲಿಲ್ಲ. ಮಸ್ಕಿಯ ಬಸ್ಸು ಹೊರಡುವ ಹೊತ್ತಾಗಿತ್ತು.

ಕೂತಲ್ಲಿಂದಲೇ ಲಿಂಗಸುಗೂರಿನದನ್ನು ಎರಡನೆಯದೆಂದು ಬದಲಿಸಿ, ಫೋನು ಮಾಡಿ, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಲು ಹೇಳಿದೆ.

“ಅಂದ್ರ ನಮ್ಮನ್ನ ಕೆಳಗ ಇಳಿಸಿದಿ” ಎಂದರು ಮುಖ್ಯಸ್ಥರು.

“ಇಲ್ಲಿದು ಬಿದ್ದ ದಿನ ನಿಮ್ದಾ ದರ್ಬಾರ್ ರೀ.”

“ಹಂಗಾರ ಬೀಳಲಿ” ಎಂದು ನಕ್ಕು ಫೋನಿಟ್ಟರು. ಸ್ವಲ್ಪ ಹೊತ್ತಿಗೆ ಜೋಡಿ ಕಾಣಿಸಿತು.

ವ್ಯವಸ್ಥಾಪಕರ ಕೋಣೆಗೆ ಹೋಗಿ ತಪ್ಪು ನನ್ನದೇ ಎಂದು ಹೇಳಿದೆ. “ಮುಂಜಾನೆ ಅಷ್ಟು ಚಂದ ವಾದ ಮಾಡಿದ್ಯಲ್ಲೋ! ಗುತ್ತಿಗೆದಾರ ಆಗಲೇ ಬ್ಯಾರೆಯಾಕಿಗೆ ಹೇಳ್ಯಾನ” ಎಂದರು. ನಂಬರು ಇಸಿದುಕೊಂಡು ಗುತ್ತಿಗೆದಾರನಿಗೆ ನಾನೇ ಫೋನು ಮಾಡಿದೆ.

“ಗಲತಿ ಆಕೀದಂತ ನಿಮ್ಮ ಸಾಹೇಬ್ರ ಹೇಳ್ಯಾರಲ್ರೀ?”

“ಗಲತಿ ನಂದ್ರೀ. ಆಕಿನ್ನ ತಗೀಬ್ಯಾಡ್ರಿ.”

ಆತ ಒಪ್ಪಿದ. ಅದಕ್ಕೆ ಮಂಡನೆ, ಖಂಡನೆ ಯಾವುದೂ ಬೇಕಾಗಲಿಲ್ಲ.

ಅಕ್ಕ ತಮ್ಮೂರು ಮುಕ್ಕುಂದದ ಬಸ್ಸಿಗೆ ಹೊರಟು ಹಿಂಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಓಡಿಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಮುಂಜಾನೆ ಎಲ್ಲಾರ ಮುಂದ ಹೇಳಿದ್ರಿ. ಈಗ ನನಗೊಬ್ಬಾಕಿಗೆ ಹೇಳಾಕತ್ತೀರಿ.”

 “ಬರ್ರಿ” ಎಂದು ಒಳಗೆ ಕರೆದೆ. ಕೌಂಟರಿನವರ ಎದುರು ನಿಂತು, ಲಿಂಗಸುಗೂರಿನಲ್ಲಿ ನಾನು ಏನು ಒತ್ತಿದೆ, ಯಾಕೆ ಒತ್ತಿದೆ ಎಂದು ಮೊದಲಿನಿಂದ ಹೇಳಿದೆ. ಬೆಳಿಗ್ಗೆ ನಕ್ಕವರೇ ಈಗಲೂ ನಕ್ಕರು, ಈ ಸಲ ನನ್ನ ಕಡೆ ನೋಡಿ. ಅಕ್ಕ ಚೀಲವನ್ನು ಹೆಗಲಿಗೆ ಏರಿಸಿಕೊಂಡರು.

“ಆತು. ಸೋಮವಾರ ಒರಸುವಾಗ ಬಂದು ನಿಂದರ್ರಿ. ಕೈ ಎಲ್ಲಿ ಹೋಗ್ತೈತಿ ನೋಡ್ರಿ.”

ಸೋಮವಾರ ಹೋಗಿ ನಿಂತೆ. ಬಾಗಿಲು, ಹಿಡಿಕೆ, ಮೇಲಿನ ಹಲಗೆ. ವೈರುಗಳಿಂದ ಒಂದು ಗೇಣು ದೂರದಲ್ಲೇ ಅವರ ಕೈ ತಿರುಗಿತು.