ಎಂಟನೇ ಬಿ ಕೋಣೆಯ ಅಂಟಾರ್ಟಿಕಾ

ಏಳು ಖಂಡಗಳ ಹೆಸರು ಬರೆದ ಚೀಟಿಗಳನ್ನು ನಮ್ಮ ಹೆಡ್‌ಮಾಸ್ತರು ತಮ್ಮ ಟೋಪಿಯಲ್ಲಿ ಹಾಕಿ ಕುಲುಕಿದರು. ನಾನು ಎತ್ತಿದ್ದರಲ್ಲಿ ಅಂಟಾರ್ಟಿಕಾ ಇತ್ತು.

ಆಗ ನಾನು ಭಟ್ಕಳ ತಾಲೂಕಿನ ಕಡಲ ಬದಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ದೇಶದವರು ಗೋವಾದಿಂದ ಹಡಗು ಹತ್ತಿ ಅಂಟಾರ್ಟಿಕಾಕ್ಕೆ ಹೋಗಿಬಂದ ಸುದ್ದಿ ರೇಡಿಯೋದಲ್ಲಿ ಬಂದಾಗಿನಿಂದ ಹೆಡ್‌ಮಾಸ್ತರಿಗೆ ಪ್ರಪಂಚದ ಹುಚ್ಚು ಹಿಡಿದಿತ್ತು. ಶಾಲೆಯ ಒಂದೊಂದು ಕೋಣೆ ಒಂದೊಂದು ಖಂಡ ಆಗಬೇಕು. ಪ್ರತಿ ಖಂಡಕ್ಕೂ ಭೂಗೋಳ, ಇತಿಹಾಸ, ಸಂಸ್ಕೃತಿ ಅಂತ ಮೂರು ಮೇಜು ಇಡಬೇಕು. ಸಂಸ್ಕೃತಿಯ ಮೇಜಿನೆದುರು ಆ ಖಂಡದ ಕುಣಿತವೂ ಆಗಬೇಕು. ಭಾನುವಾರದ ಈ ಪ್ರದರ್ಶನ ನೋಡಲಿಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು.

"ಸರ್, ಅಲ್ಲಿ ಜನವೇ ಇಲ್ಲ. ಸಂಸ್ಕೃತಿ ಎಲ್ಲಿಂದ ತರಲಿ?" ಅಂದೆ.

"ಖಂಡ ಅಂದಮೇಲೆ ಸಂಸ್ಕೃತಿ ಇದ್ದೇ ಇರ್ತದೆ ಅಕ್ಕೋರೇ. ಹುಡುಕಿ."

ಹುಡುಕಿದೆ. ಒಂದು ಕಾಲದಲ್ಲಿ ಭಾರತವೂ ಅಂಟಾರ್ಟಿಕಾವೂ ಒಂದೇ ನೆಲವಾಗಿದ್ದವು, ಆಮೇಲೆ ಬೇರೆಯಾದವು ಎಂದು ಪುಸ್ತಕದಲ್ಲಿತ್ತು. ಹೇಳಿದ್ದೇ ಹೆಡ್‌ಮಾಸ್ತರ ಕಣ್ಣು ತುಂಬಿ ಬಂತು. "ಹಾಗಾದ್ರೆ ಪಾಲಾಗಿ ಹೋದ ನಮ್ಮ ದಾಯಾದಿಗಳೇ. ಚೆಂದ ಮಾಡಿ ಕಳಿಸ್ಬೇಕು," ಅಂದರು. ಎಲ್ಲಿಗೆ ಕಳಿಸಬೇಕು ಎಂದು ನಾನು ಕೇಳಲಿಲ್ಲ. ಇತಿಹಾಸದ ಮೇಜಿಗೆ ಮಕ್ಕಳು ಬಣ್ಣದ ಕಾಗದದಲ್ಲಿ ಬರೆದದ್ದು ಇಷ್ಟೇ: "ಕೆಲವರು ಹೋದರು. ಕೆಲವರು ತಿರುಗಿ ಬಂದರು." ಅದಕ್ಕಿಂತ ಹೆಚ್ಚಿಗೆ ಸೇರಿಸುವಂಥದ್ದು ನನಗೂ ಹೊಳೆಯಲಿಲ್ಲ.

ಸಂಸ್ಕೃತಿಗೆ ಕೊನೆಗೆ ಪೆಂಗ್ವಿನ್ ಕುಣಿತ ಅಂತ ಮಾಡಿಕೊಂಡೆ. ನನ್ನ ಸೋದರಮಾವ ಹೊನ್ನಾವರದಲ್ಲಿ ವಕೀಲ. ಶನಿವಾರ ಸಂಜೆ ಬಸ್ಸು ಹಿಡಿದು ಹೋಗಿ, ಕರಿ ಕೋಟು ಕೊಡಿ ಅಂದೆ.

"ಎಂತಕ್ಕೆ?"

"ಪೆಂಗ್ವಿನ್ ಮಾಡಲೆ ಬೇಕು, ಮಾವ."

ಮಾವ ಎದ್ದು ಗೂಟದಿಂದ ಕೋಟು ತೆಗೆದರು. ಮತ್ತೆ ಏನೂ ಕೇಳದೆ ತಮ್ಮದರ ಜೊತೆಗೆ ಪಕ್ಕದ ಮನೆಗಳ ವಕೀಲರ ಕೋಟುಗಳನ್ನೂ ಕೇಳಿ ತಂದುಕೊಟ್ಟರು. ಭಾನುವಾರ ಕೋರ್ಟಿಲ್ಲವಲ್ಲ. ಎಂಟನೇ ಕ್ಲಾಸಿನ ಮಕ್ಕಳು ಅವನ್ನು ಹಾಕಿಕೊಂಡರೆ ಮೊಣಕಾಲು ಮುಚ್ಚುತ್ತಿತ್ತು. ಬೆರಳ ತುದಿಯನ್ನೂ ದಾಟಿ ಜೋಲುವ ತೋಳುಗಳನ್ನು ಪಟಪಟ ಬಡಿದರೆ ಥೇಟ್ ಪೆಂಗ್ವಿನ್.

ಇನ್ನು ಉಳಿದದ್ದು ಭೂಗೋಳ. ನಮ್ಮ ಶಾಲೆಯ ಒಬ್ಬ ಹುಡುಗಿಯ ತಂದೆ ಬೋಟಿನವರು. ಆ ವಾರ ಕಡಲಲ್ಲಿ ಮೀನೇ ಇರಲಿಲ್ಲ, ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಐಸು ಹಾಗೇ ಬಿದ್ದಿತ್ತು. ಅವರು ಹೇಳಿಸಿದ್ದರಿಂದ ಭಾನುವಾರ ಬೆಳಿಗ್ಗೆ ಅಲ್ಲಿದ್ದ ಐಸಿನ ಗಡ್ಡೆಯನ್ನೆಲ್ಲ ತುಂಬಿಕೊಂಡು ಒಂದು ಟೆಂಪೋ ಬಂದು ಶಾಲೆಯ ಅಂಗಳದಲ್ಲಿ ನಿಂತಿತು. ಎಂಟನೇ ಬಿ ಕೋಣೆಯಲ್ಲಿ ಅದನ್ನು ಪೇರಿಸಿ, ಒಡೆದು, ಬೆಟ್ಟ ಮಾಡಿ, ನೆತ್ತಿಗೆ ಬಾವುಟ ಚುಚ್ಚಿದೆವು. ಮಕ್ಕಳು ಬೇಕಂತಲೇ ಹಲ್ಲು ಕಟಕಟಿಸಿದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು.

ಒಂದು ತಾಸು ಕಳೆಯುವುದರೊಳಗೆ ಅಂಟಾರ್ಟಿಕಾ ಕರಗಿ ಯುರೋಪಿಗೆ ನುಗ್ಗಿತು. ಯುರೋಪು ಪಕ್ಕದ ಕೋಣೆ, ಹಿಂದಿ ಮಾಸ್ತರರದ್ದು. ಅವರು ರಟ್ಟಿನಲ್ಲಿ ವಾರಗಟ್ಟಲೆ ಕೂತು ಮಾಡಿದ ಗಡಿಯಾರದ ಗೋಪುರ ಬುಡದಿಂದ ಮೆತ್ತಗಾಗಿ ನಿಧಾನಕ್ಕೆ ಬಗ್ಗಿತು.

"ಅಕ್ಕೋರೇ, ನಿಮ್ಮ ಖಂಡ ಹಿಡ್ಕೊಳ್ಳಿ!" ಎಂದು ಅವರು ಪಂಚೆ ಎತ್ತಿಕೊಂಡು ಬಾಗಿಲಿಗೆ ಬಂದರು.

ಇಬ್ಬರೂ ಸೇರಿ ಹೊಸ್ತಿಲಿಗೆ ಗೋಣಿಚೀಲ ಅಡ್ಡ ಹಾಕುತ್ತಿರುವಾಗ ಹೊರಗೆ ಗದ್ದಲ ಕೇಳಿತು. ಪಕ್ಕದ ತೆಂಗಿನಗುಂಡಿ ಬಂದರಿನ ಹೆಂಗಸರು ಮೀನಿನ ಬುಟ್ಟಿ ಹೊತ್ತು ಶಾಲೆಯ ಗೇಟು ದಾಟಿ ಓಡೋಡಿ ಬರುತ್ತಿದ್ದರು. ಮುಂದೆ ಇದ್ದವಳು ಬೋಟಿನವರ ಹೆಂಡತಿ.

"ಅಕ್ಕೋರೇ, ಬಂಗಡೆ ಬಿತ್ತು! ಬೋಟು ಮುಳುಗುವಷ್ಟು ಬಂಗಡೆ! ಬೆಳಿಗ್ಗೆಯಿಂದ ಕರೆಂಟಿಲ್ಲ, ಫ್ಯಾಕ್ಟರಿ ಬಂದ್. ಐಸ್ ಇರೋದು ನಿಮ್ಮ ಹತ್ರ ಮಾತ್ರ."

"ಇದು ಪ್ರದರ್ಶನಕ್ಕೆ ಇಟ್ಟದ್ದು. ಇನ್ನೇನು ಸಾಹೇಬರು ಬರ್ತಾರೆ," ಅಂದೆ.

"ಸಾಹೇಬ್ರು ಕೊಳೆಯುದಿಲ್ಲ. ಮೀನು ಕೊಳೀತದೆ."

ಹೆಡ್‌ಮಾಸ್ತರು ಓಡಿಬಂದರು. ಖಂಡವನ್ನು ಒಡೆದು ಕೊಟ್ಟರೆ ಸಾಹೇಬರಿಗೆ ತೋರಿಸುವುದು ಏನನ್ನು, ಕೊಡದಿದ್ದರೆ ನಾಳೆಯಿಂದ ಶಾಲೆಗೆ ಮಕ್ಕಳು ಬರುತ್ತಾರೋ ಇಲ್ಲವೋ. ಅವರು ಎರಡು ಸಲ ಟೋಪಿ ತೆಗೆದು ಹಾಕಿಕೊಂಡರು. ಕಡೆಗೆ ತೀರ್ಪು ಕೊಟ್ಟರು: "ಐಸು ಹೊರಗೆ ಹೋಗೂದು ಬೇಡ. ಮೀನು ಒಳಗೆ ಬರ್ಲಿ."

"ಆತು," ಅಂದಳು ಅವಳು. ಬುಟ್ಟಿಗಳು ಒಳಗೆ ಬಂದವು. ನಾನು ಅಡಕೆ ತೋಟದ ಮನೆಯವಳು, ಹುಟ್ಟಿದಾರಭ್ಯ ಮೀನು ಮುಟ್ಟಿದವಳಲ್ಲ. ಆ ದಿನ ದಕ್ಷಿಣ ಧ್ರುವದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದು ಸಾಲು ಬಂಗಡೆ, ಒಂದು ಸಾಲು ಐಸು ಎಂದು ಜೋಡಿಸಿದೆ. ಪೆಂಗ್ವಿನ್‌ಗಳು ಕೂಡ ಕೋಟಿನ ತೋಳು ಮಡಚಿಕೊಂಡು ಕೆಲಸಕ್ಕಿಳಿದವು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

ಗಂಭೀರ ಮನುಷ್ಯ, ದಪ್ಪ ಕನ್ನಡಕ, ಕೈ ಹಿಂದೆ ಕಟ್ಟಿಕೊಂಡು ನಡೆಯುವವರು. ಬಾಗಿಲಲ್ಲಿ ನಿಂತು ಐಸನ್ನೂ ಮೀನನ್ನೂ ಕಚ್ಚೆ ಕಟ್ಟಿದ ಹೆಂಗಸರನ್ನೂ ಒಂದೊಂದಾಗಿ ನೋಡಿದರು. ಹತ್ತಿರದ ಒಂದು ಪೆಂಗ್ವಿನ್ನನ್ನು ಕರೆದು, "ಇಲ್ಲಿಯ ಜನರ ಮುಖ್ಯ ಕಸುಬು ಯಾವುದು, ಮಗು?" ಎಂದು ಕೇಳಿದರು.

ಪೆಂಗ್ವಿನ್ ಆಗಿದ್ದ ಬೋಟಿನವರ ಮಗಳು ಅಮ್ಮನ ಕಡೆಗೊಮ್ಮೆ ನೋಡಿ, "ಮೀನು ಮಾರೂದು ಸರ್," ಅಂದಳು.

"ಸರಿಯಾಗಿ ಹೇಳಿದೆ." ಅವರು ಆ ಹೆಂಗಸಿನ ಕಡೆ ತಿರುಗಿ ನಕ್ಕರು. "ನೀವು ಅಂಟಾರ್ಟಿಕಾದವರೋ?"

"ಅಲ್ಲ ಸಾಹೇಬ್ರೆ, ತೆಂಗಿನಗುಂಡಿಯವಳು. ಸ್ವಲ್ಪ ಸರೀರಿ, ಬುಟ್ಟಿ ತಾಗ್ತದೆ."

ಸಾಹೇಬರಿಗೆ ಅದು ಬಹಳ ಹಿಡಿಸಿತು. ಅಭಿನಯ ಎಂದುಕೊಂಡರೋ ಏನೋ. ಬುಟ್ಟಿ ಇಡುವ ಜಾಗದ ಬಗ್ಗೆ ಇಬ್ಬರು ಹೆಂಗಸರು ಜಗಳಕ್ಕೆ ನಿಂತಾಗ ಕುರ್ಚಿ ತರಿಸಿಕೊಂಡು ಕೂತು ಕಡೆಯವರೆಗೂ ನೋಡಿದರು, ಮುಗಿದಮೇಲೆ ಚಪ್ಪಾಳೆ ತಟ್ಟಿದರು. ಹೆಂಗಸರು ಕಕ್ಕಾಬಿಕ್ಕಿಯಾಗಿ ಕೈಮುಗಿದರು.

ಸಂಜೆಯ ಭಾಷಣದಲ್ಲಿ ಅವರು, ಉಳಿದ ಖಂಡಗಳಲ್ಲಿ ಬರೀ ರಟ್ಟು ಮತ್ತು ಬಣ್ಣದ ಕಾಗದ, ಯುರೋಪಂತೂ ತಂಡಿ ಹಿಡಿದು ಬಿದ್ದುಹೋಗಿದೆ, ಜನಜೀವನ ಕಣ್ಣಿಗೆ ಕಟ್ಟಿದ್ದು ಅಂಟಾರ್ಟಿಕಾದಲ್ಲಿ ಮಾತ್ರ ಅಂದರು. ಸಂಸ್ಕೃತಿ ವಿಭಾಗದ ಬಹುಮಾನ ಎಂದು ಇಟ್ಟಿದ್ದ ಸ್ಟೀಲ್ ಲೋಟ ನನಗೆ ಬಂತು. ಹಿಂದಿ ಮಾಸ್ತರು ನನ್ನ ಹತ್ತಿರ ಬಹಳ ದಿನ ಮಾತಾಡಲಿಲ್ಲ. ಕೋಟುಗಳನ್ನು ಆ ರಾತ್ರಿ ಸೋಪು ಹಾಕಿ ತಿಕ್ಕಿ ತಿಕ್ಕಿ ಒಗೆದರೂ ವಾಸನೆ ಹೋಗಲೊಲ್ಲದು. ಮುಂದಿನ ವಾರ ಮಾವ ಸಿಕ್ಕಾಗ ಹೇಳಿದ್ದು ಒಂದೇ ಮಾತು: "ಕೋರ್ಟಲ್ಲಿ ಈಗ ನಾ ನಿಂತ ಬದಿಗೆ ಒಬ್ಬರೂ ಇಲ್ಲೆ." ಆದರೆ ಎದುರು ಪಕ್ಷದ ವಕೀಲರೂ ಅಂಥದೇ ಮೀನು ವಾಸನೆಯ ಕೋಟು ಹಾಕಿಕೊಂಡಿದ್ದರಿಂದ ನ್ಯಾಯಾಧೀಶರು ಇಬ್ಬರಿಗೂ ಬೇಗ ಬೇಗ ಮುಗಿಸಿ ಅಂದರಂತೆ.

ಆ ಭಾನುವಾರ ಇಳಿಹೊತ್ತಿಗೆ ಟೆಂಪೋ ಬಂದು ಬುಟ್ಟಿಗಳನ್ನು ತುಂಬಿಕೊಂಡು ಹೋಗಿತ್ತು. ಮೀನು ಒಂದೂ ಕೆಟ್ಟಿರಲಿಲ್ಲ. ನಾನು ಹಿಡಿಸೂಡಿಯಿಂದ ನೀರು ಗುಡಿಸುತ್ತಿದ್ದೆ. ಬೋಟಿನವರ ಹೆಂಡತಿ ಬಂದು ಇನ್ನೊಂದು ಹಿಡಿಸೂಡಿ ಹಿಡಿದಳು. ಅಂಟಾರ್ಟಿಕಾ ಅಂದರೆ ಎಂತದು ಎಂದು ಅವಳು ಕೇಳಿದ್ದು ಆಗಲೇ. ಹೇಳಿದೆ: ನಮ್ಮ ದೇಶಕ್ಕಿಂತ ದೊಡ್ಡ ನೆಲ, ಅದರ ಮೇಲೆಲ್ಲ ಐಸು, ವರ್ಷವಿಡೀ ಕರಗುವುದಿಲ್ಲ, ಸುತ್ತಲೂ ಕಡಲು.

"ಜನ?"

"ಊರು ಕಟ್ಟಿಕೊಂಡವರು ಯಾರೂ ಇಲ್ಲ."

ಅವಳು ಗುಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಬೇಕು.

"ಅಷ್ಟು ಐಸು ಇಟ್ಕೊಂಡು, ಸುತ್ತ ಕಡಲು ಇಟ್ಕೊಂಡು, ಯಾರೂ ಇಲ್ವಾ?" ಅಂದಳು. ನಾನು ಇಲ್ಲ ಅಂದೆ. ಅವಳು ತಲೆ ಅಲ್ಲಾಡಿಸುತ್ತ ಉಳಿದ ನೀರನ್ನು ಬಾಗಿಲಾಚೆ ನೂಕಿದಳು.