ದೆವ್ವಗಳನ್ನು ಮಾತಾಡಿಸುತ್ತಿದ್ದ ಚಿಗವ್ವ

ಚಿಗವ್ವನ ಕೊರಳ ಗುಣಿಯ ಕೆಳಗೆ ಹುಣಸೆಬೀಜದಷ್ಟಗಲ ಕಪ್ಪು ಕಲೆಯೊಂದಿತ್ತು. ಬೆಳ್ಳಿಯ ಬಿಲ್ಲೆಯೊಂದು ಬಡಿದೂ ಬಡಿದೂ ಆದ ಕಲೆ. ಬೀಸುವ ಕಲ್ಲಿನ ಮುಂದೆ ಕೂತು ಅವಳು ಹಿಂದಕ್ಕೂ ಮುಂದಕ್ಕೂ ತೂಗುವಾಗ ಆ ಬಿಲ್ಲೆ ಅದೇ ಜಾಗದಲ್ಲಿ ಟಪ್ ಟಪ್ ಎಂದು ಕುಟ್ಟುತ್ತಿತ್ತು. ಬಿಲ್ಲೆಯ ಮೇಲೆ ಸೀರೆ ಉಟ್ಟ ಒಬ್ಬ ಹೆಂಗಸಿನ ಆಕಾರ, ಮುಖಕ್ಕೆ ಎರಡು ಚುಕ್ಕಿ ಕಣ್ಣು. ಆ ಹೆಂಗಸು ನನ್ನ ಹೆತ್ತ ಅವ್ವ.

ನಮ್ಮ ಕಡೆ ಆಗ ಹಾಗೊಂದು ಪದ್ಧತಿಯಿತ್ತು. ಹೆಂಡತಿ ತೀರಿಕೊಂಡು ಗಂಡ ಇನ್ನೊಂದು ಮದುವೆಯಾದರೆ, ಬಂದವಳ ಕೊರಳಿಗೆ ಸತ್ತವಳ ಬಿಲ್ಲೆ ಕಟ್ಟುತ್ತಿದ್ದರು. ಹೊಸ ಸೀರೆಯನ್ನು ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಉಣ್ಣುವ ಮೊದಲ ತುತ್ತನ್ನು ಬಿಲ್ಲೆಗೆ ತೋರಿಸಬೇಕು. ತಪ್ಪಿದರೆ ಮೊದಲಿನಾಕೆ ದೆವ್ವವಾಗಿ ಬಂದು ಕಾಡುತ್ತಾಳೆ ಎಂಬ ಭಯ. ಕಾಡಿದರೆ ಎರಡನೆಯದು ಕಟ್ಟಿಕೊಂಡ ಗಂಡನನ್ನು ಕಾಡಬೇಕಪ್ಪ, ಏನೂ ಅರಿಯದೆ ಬಂದ ಹುಡುಗಿಯನ್ನು ಯಾಕೆ? ಇದನ್ನು ಯಾರೂ ಕೇಳಲಿಲ್ಲ. ನಮ್ಮಪ್ಪನಂತೂ ನಿಶ್ಚಿಂತೆಯಿಂದ ಓಡಾಡಿಕೊಂಡಿದ್ದ.

ಅವ್ವ ಬಾಣಂತಿತನದಲ್ಲಿ ಹೋದಾಗ ನನಗೆ ಐದೋ ಆರೋ ವರ್ಷ. ವರ್ಷ ತುಂಬುತ್ತಿದ್ದಂತೆ ಅಪ್ಪ ತಳಕಲ್ಲಿನಿಂದ ಚಿಗವ್ವನನ್ನು ಕರೆತಂದ. ನಮ್ಮ ಮನೆ ಆನೆಗೊಂದಿಯಲ್ಲಿ. ನಿಜಾಮರ ರಾಜ್ಯದ ಕಾಲ ಅದು. ಅಪ್ಪನಿಗೆ ಗಂಗಾವತಿಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದ. ಮನೆಯಲ್ಲಿ ನಡೆಯುತ್ತಿದ್ದದ್ದೆಲ್ಲ ಅಪ್ಪನ ತಾಯಿ, ನಮ್ಮ ಆಯಿಯ ಮಾತು.

ಚಿಗವ್ವ ಎತ್ತರದ ಹೆಣ್ಣು. ಗಂಡಸರ ಹಾಗೆ ದಾಪುಗಾಲು ಹಾಕುತ್ತಿದ್ದಳು, ನಕ್ಕರೆ ಬೀದಿಯ ಆ ಕೊನೆಗೆ ಕೇಳಬೇಕು. ಎಲಬುರ್ಗಿ ಸೀಮೆಯ ತಳಕಲ್ಲಿನ ಬಯಲಿನಲ್ಲಿ ಬೆಳೆದವಳಿಗೆ ನಮ್ಮೂರು ಕಂಡದ್ದೇ ಒಂದು ಸೋಜಿಗ. ಎಲ್ಲಿ ನೋಡಿದರೂ ಬಂಡೆ, ಬಂಡೆಯ ನಡುವೆ ಕೋಟೆಯ ಬಾಗಿಲು, ಮಂಟಪ, ಹಾಳುಬಾವಿ, ಅರ್ಧ ಬಿದ್ದ ಗೋಡೆ. ಬಂದ ವಾರದಲ್ಲೇ ಅಂಗಳದಲ್ಲಿ ನಿಂತು, “ಏ ಯವ್ವಾ, ಇಷ್ಟೊಂದು ಮನಿ ಕಟ್ಟಿ ಹಂಗ ಬಿಟ್ಟುಹೋಗ್ಯಾರಲ್ಲ! ಕೀಲಿನೂ ಹಾಕಿಲ್ಲ!” ಎಂದಳು. ನಮಗೆ ಅವೆಲ್ಲ ದೆವ್ವದ ಮನೆಗಳು. ಹಗಲಿನಲ್ಲೂ ಆ ಕಡೆ ಸುಳಿಯಬೇಡಿರೆಂದು ಹೇಳಿ ಹೇಳಿ ನಮ್ಮನ್ನು ಬೆಳೆಸಿದ್ದರು.

ಅದರಲ್ಲೂ ಪಕ್ಷಮಾಸದ ಹದಿನೈದು ದಿನ ಸತ್ತವರೆಲ್ಲ ಊರಿಗೆ ಬಂದಿರುತ್ತಾರೆ ಎಂದು ಮಕ್ಕಳನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಚಿಗವ್ವ ನಮ್ಮನ್ನು ಕರೆದೊಯ್ಯುತ್ತಿದ್ದದ್ದು ಆ ದಿನಗಳಲ್ಲೇ. ಊಟವಾಗಿ ಆಯಿ ಗೊರಕೆ ಹೊಡೆಯಲು ಶುರುಮಾಡಿದ್ದೇ ತಡ, ಓಣಿಯ ಹುಡುಗಿಯರನ್ನೆಲ್ಲ ಗುಡ್ಡೆಹಾಕಿ, “ನಡ್ರಿ ಜಲ್ದಿ, ದೆವ್ವಗೋಳ್ನ ಮಾತಾಡ್ಸಿಕೊಂಡು ಬರೂಣು,” ಎನ್ನುತ್ತಿದ್ದಳು. ಮಟಮಟ ಮಧ್ಯಾಹ್ನ. ಒಬ್ಬೊಬ್ಬರ ಉಡಿಯಲ್ಲೂ ಒಂದೊಂದು ಹಿಡಿ ಜೋಳದ ಅರಳು. ಅರ್ಧ ನಮಗೆ, ಅರ್ಧ ದೆವ್ವಕ್ಕೆ.

ಕೋಟೆ ಬಾಗಿಲಿನ ಕತ್ತಲ ಕೋಣೆಯ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳ ಹಾಗೆ ಕೂಗುತ್ತಿದ್ದಳು: “ಯಾರದೀರ್ರಿ ಒಳಗ? ಊಟ ಆತೇನ್ರಿ?” ಒಳಗಿನಿಂದ ಬಾವಲಿಗಳು ಫಡಫಡನೆ ಎದ್ದು ತಲೆಯ ಮೇಲೆ ಹಾಯುತ್ತಿದ್ದವು. ನಾವು ಚೀರಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅವಳು ಮಾತ್ರ ಅಲ್ಲಾಡದೆ, “ಇವ್ರು ಕಾವಲು ಸಿಪಾಯಿ. ಯುದ್ಧ ಮುಗದದ್ದು ಇವ್ರಿಗೆ ಯಾರೂ ಹೇಳಿಲ್ಲ, ಪಾಪ,” ಎಂದು ನಮಗೆ ವಿವರಿಸಿ, ಮತ್ತೆ ಕತ್ತಲಿಗೆ ತಿರುಗಿ, “ಸಿಪಾಯಿ ಸಾಹೇಬ್ರ, ಯುದ್ಧ ಮುಗೀತ್ರಿ! ಮನಿಗೆ ಹೋಗ್ರಿ! ನಿಮ್ಮ ಹೇಣ್ತಿ ದಾರಿ ಕಾಯಾಕತ್ತಿರಬೇಕು!” ಎನ್ನುತ್ತಿದ್ದಳು.

ಒಮ್ಮೆ ಓಣಿಯ ಹುಡುಗಿಯೊಬ್ಬಳು ಹಾಳುಬಾವಿಗೆ ಬಗ್ಗಿ, “ಏ ದೆವ್ವಾ, ಬಾ ಮ್ಯಾಲೆ!” ಎಂದಳು. ಚಿಗವ್ವ ಅವಳ ಕಿವಿ ಹಿಡಿದೇಬಿಟ್ಟಳು. “ದೆವ್ವ ಅಂದ್ರ ನಿನ್ನ ಓರಗಿಯಾಕಿ ಅಂತ ತಿಳದೀ ಏನು? ನಿನಗಿಂತ ಮುಂಚೆ ಹುಟ್ಟ್ಯಾರ, ನಿನಗಿಂತ ಮುಂಚೆ ಸತ್ತಾರ. ರಿ ಹಚ್ಚಿ ಮಾತಾಡು!” ಹುಡುಗಿ ಅಳುತ್ತಲೇ ಬಾವಿಗೆ ಬಗ್ಗಿ “ಬರ್ರಿ” ಅಂದಿತು. ಇನ್ನೊಂದು ವರ್ಷ ಚಿಗವ್ವ ತಳವೊಡೆದ ಮಣ್ಣಿನ ಹರವಿಗೆ ಸುಣ್ಣದ ಮುಖ ಬರೆದು, ಅದನ್ನು ತಲೆಯ ಮೇಲೆ ಕವುಚಿಕೊಂಡು, ಕಂಬದ ಮರೆಯಿಂದ “ಹೂಂ...” ಎಂದು ಬಂದಳು. ನಾವು ದಿಕ್ಕಾಪಾಲು. ಆಮೇಲೆ ಹರವಿ ತಲೆಯಿಂದ ಬರಲೊಲ್ಲದೆ ಅವಳೇ ಒಳಗಿಂದ, “ಏ ಹುಡುಗ್ಯಾರ, ಓಡಬ್ಯಾಡ್ರೆ, ತಗೀರೆ ಇದನ್ನ!” ಎಂದು ಬೊಬ್ಬೆ ಹಾಕಿದಳು. ಕಲ್ಲಿನಿಂದ ಹರವಿ ಒಡೆದು ಬಿಡಿಸಿದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಕ್ಕವರಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಅವಳ ಹಿಂದೆ ಹೋಗುತ್ತಿದ್ದದ್ದು ನಗುವುದಕ್ಕಲ್ಲ. ಇಷ್ಟು ದೆವ್ವಗಳ ಪರಿಚಯ ಇರುವವಳಿಗೆ ನಮ್ಮವ್ವನೂ ಎಲ್ಲಿಯಾದರೂ ಸಿಗಬಹುದು ಎಂಬ ಆಸೆ. ಪ್ರತಿ ಮಂಟಪದಲ್ಲೂ ನಾನು ಕಂಬಗಳ ಹಿಂದೆ ಇಣುಕುತ್ತಿದ್ದೆ. ಅವ್ವನನ್ನು ನೋಡಬೇಕು, ಒಂದೇ ಒಂದು ಸಲ. ಅವಳ ಮುಖ ನನಗೆ ಮರೆಯುತ್ತ ಬಂದಿತ್ತು, ಅದೇ ನನ್ನ ಹೆದರಿಕೆ. ಚಿಗವ್ವನೂ ಎಲ್ಲ ಕಡೆ ಹೊರಡುವ ಮುಂಚೆ ಸಣ್ಣ ದನಿಯಲ್ಲಿ ಒಂದು ಮಾತು ಕೇಳುತ್ತಿದ್ದಳು: “ಇತ್ತಿತ್ಲಾಗ ಹೊಸಬ್ರು ಯಾರರ ಬಂದಾರೇನ್ರಿ?” ಅದೂ ಆಟದ ಮಾತೇ ಎಂದುಕೊಂಡಿದ್ದೆ.

ಮನೆಯಲ್ಲಿ ಅವಳ ಕೈಯಡುಗೆಯನ್ನು ನಾನು ಮುಟ್ಟುತ್ತಿರಲಿಲ್ಲ. ಆಯಿ ಕಲಸಿ ಕೊಟ್ಟರೆ ಉಂಡೆ, ಇಲ್ಲದಿದ್ದರೆ ಇಲ್ಲ. ಕಾರಣ ಆ ಬಿಲ್ಲೆ. ಚಿಗವ್ವ ತಾಟಿನ ಮುಂದೆ ಕೂತು ಮೊದಲ ತುತ್ತನ್ನು ಕೊರಳ ಹತ್ತಿರ ಹಿಡಿದು, “ಉಣ್ರಿ ಅಕ್ಕಾರ,” ಎಂದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮವ್ವ ನನ್ನ ಜೊತೆ ಉಣ್ಣುವುದು ಬಿಟ್ಟು ಇವಳ ಜೊತೆ ಉಣ್ಣುತ್ತಾಳಲ್ಲ! ಅವಳು ಕರೆದರೆ ಬರುತ್ತಾಳೆ, ನಾನು ಕರೆದರೆ ಇಲ್ಲ.

ಹಾಗಾಗಿ, ಒಂಬತ್ತು ವರ್ಷದ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ತುತ್ತು ತಪ್ಪಿದರೆ ಅವ್ವ ಸಿಟ್ಟಾಗಿ ದೆವ್ವವಾಗಿ ಬರುತ್ತಾಳೆ ಅಂತ ತಾನೇ ಎಲ್ಲರ ಹೆದರಿಕೆ? ಬರಲಿ. ನನಗೆ ಬೇಕಾದದ್ದೇ ಅದು. ವರ್ಷಕ್ಕೊಮ್ಮೆ ಪಕ್ಷಮಾಸದಲ್ಲಿ ಬಿಲ್ಲೆಯನ್ನು ಬಿಚ್ಚಿ, ಹಾಲಿನಲ್ಲಿ ತೊಳೆದು, ದೇವರ ಜಗುಲಿಯ ಮೇಲಿಟ್ಟು, ಹೊಸ ದಾರ ಹಾಕುತ್ತಿದ್ದರು. ಆ ವರ್ಷ ಜಗುಲಿಯ ಮೇಲಿಂದ ಅದನ್ನು ಎತ್ತಿಕೊಂಡು ಓಡಿದೆ. ಹಾಳುಬಾವಿಯ ಪಕ್ಕದ ಮಂಟಪದಲ್ಲಿ, ಕಂಬದ ಬುಡದ ಬಿರುಕಿನಲ್ಲಿ ಬಚ್ಚಿಟ್ಟು ಬಂದೆ.

ಮೂರು ದಿನ ಕಾದೆ. ಅವ್ವ ಬರಲಿಲ್ಲ. ಚಿಗವ್ವ ಯಾರಿಗೂ ಹೇಳದೆ ಬಿಲ್ಲೆಯ ಬದಲು ಒಂದು ಹಳೆಯ ಕಾಸನ್ನು ದಾರಕ್ಕೆ ಪೋಣಿಸಿಕೊಂಡು, ಸೆರಗು ಎಳೆದುಕೊಂಡು ಓಡಾಡುತ್ತಿದ್ದಳು. ನಾಲ್ಕನೆಯ ದಿನ ಅವಳಿಗೆ ಚಳಿಜ್ವರ ಬಂತು. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ. ಕೊರಳು ಒರೆಸಲು ಹೋದ ಆಯಿಯ ಕೈಗೆ ಕಾಸು ಸಿಕ್ಕಿತು. ಆಯಿ ಎದೆ ಎದೆ ಬಡಿದುಕೊಂಡಳು. “ಬಿಲ್ಲಿ ಕಳಕೊಂಡು ಕುಂತಾಳ ಖೋಡಿ! ಮೊದಲಿನಾಕಿ ಹಿಡದಾಳ ಇವಳ್ನ, ಒಯ್ದ ತೀರ್ತಾಳ. ಸಾಯೂದಾದ್ರ ತವರಾಗ ಸಾಯ್ಲಿ, ನಾಡದ ತಳಕಲ್ಲಿಗೆ ಬಂಡಿ ಕಟ್ರಿ!”

ಅವ್ವ ಬಂದರೆ ನನ್ನನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆನೇ ಹೊರತು, ಚಿಗವ್ವನನ್ನು ಒಯ್ಯುತ್ತಾಳೆಂದು ನಾನು ಎಣಿಸಿರಲಿಲ್ಲ. ಕೌದಿಯ ಬದಿಗೆ ತೂರಿಕೊಂಡು ಅವಳ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ನಡುಗುತ್ತಲೇ, “ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳಿಗೆ ಜ್ವರ ಇರಂಗಿಲ್ಲ, ಹೋಗಿ ತರೂಣು,” ಎಂದಳು. ದಿನ ಬಿಟ್ಟು ದಿನ ಬರುವ ಜ್ವರ ಅದು.

ಮರುದಿನ ಮಧ್ಯಾಹ್ನ ಆಯಿ ಮಲಗಿದ ಮೇಲೆ ಇಬ್ಬರೇ ಹೊರಟೆವು. ದಾಪುಗಾಲಿನ ಚಿಗವ್ವ ಅವತ್ತು ನನ್ನ ಹೆಗಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕೂತು, ಎದ್ದು ನಡೆದಳು. ಮಂಟಪದಲ್ಲಿ ಬಿರುಕಿನಿಂದ ಬಿಲ್ಲೆ ತೆಗೆದು ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದಳು.

“ಯಾಕ ತಂದಿಟ್ಟಿದ್ದಿ?”

“ಅವ್ವ ಸಿಟ್ಟಾಗಿ ಬರ್ಲಿ ಅಂತ.”

“ಬಂದ್ರ?”

“ನೋಡ್ತಿದ್ದೆ.”

ಅವಳು ಕಂಬ ಹಿಡಿದು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಆ ಖಾಲಿ ಮಂಟಪಕ್ಕೆ ಕೈಮುಗಿದಳು. “ಅಕ್ಕಾರ, ಬರ್ರಿ. ನಿಮ್ಮ ಮಗಳು ಕರಿಯಾಕತ್ತಾಳ. ನಾ ಹೆದ್ರಂಗಿಲ್ಲ, ಓಡಂಗಿಲ್ಲ. ಒಂದು ಸಲ ಮಕ ತೋರ್ಸಿ ಹೋಗ್ರಿ. ಕೂಸು ಭಾಳ ಹಂಬಲ್ಸೇತಿ.”

ಕಾದೆವು. ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯುವವರೆಗೂ ಕಾದೆವು. ಒಂದು ಓತಿಕ್ಯಾತ ಬಂದು ತಲೆ ಹಾಕಿ ಹೋಯಿತು, ಅಷ್ಟೇ. ನಾನು ಅವಳ ಮುಖ ನೋಡಿದರೆ ಅವಳ ಕಣ್ಣಲ್ಲೂ ನೀರು.

“ಬರಬೇಕಾಗಿತ್ತು ನೋಡು ಅವ್ರು,” ಎಂದಳು. “ನಾನೂ ಮೂರು ವರ್ಷದಿಂದ ಹುಡುಕಾಕತ್ತೇನಿ. ಒಂದು ದೆವ್ವಾನೂ ಸಿಗವಲ್ದು ನನಗ. ಸಿಕ್ಕಿದ್ರ ಒಂದ ಮಾತು ಕೇಳಾಕಿದ್ದೆ: ಅಕ್ಕಾರ, ಏನು ಮಾಡಿ ಕೊಟ್ರ ಈ ಕೂಸು ಉಣತೈತಿ, ಹೇಳ್ರಿ ಅಂತ.”

ಒಬ್ಬಳನ್ನೇ ನಾವಿಬ್ಬರೂ ಹುಡುಕುತ್ತಿದ್ದೆವು, ಒಬ್ಬರಿಗೊಬ್ಬರು ಹೇಳದೆ.

ಮೂಗು ಒರೆಸಿಕೊಂಡು ಅವಳು ನನ್ನ ಗಲ್ಲ ಹಿಡಿದಳು. “ಹೋಗ್ಲಿ, ಅವ್ರಂತೂ ಬರವಲ್ರು. ನೀನ ಹೇಳು. ನಿಮ್ಮವ್ವ ನಿನಗ ಏನು ಮಾಡಿ ಕೊಡ್ತಿದ್ರು?”

ನಾನು ನೆನಪು ಮಾಡಿಕೊಳ್ಳಲು ಹೋದೆ. ಏನೂ ಇರಲಿಲ್ಲ. ಅವ್ವನ ಕೆಮ್ಮು ನೆನಪಿತ್ತು, ಹಸಿರು ಸೀರೆಯ ಅಂಚು ನೆನಪಿತ್ತು. ಅವಳ ಕೈಯ ತುತ್ತು ಒಂದೂ ನೆನಪಿರಲಿಲ್ಲ. ಅವ್ವನಿಗಾಗಿ ಇಷ್ಟು ರಾದ್ಧಾಂತ ಮಾಡಿದವಳು ಇದನ್ನು ಹೇಳುವುದಾದರೂ ಹೇಗೆ? ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಬಿಸಿ ರೊಟ್ಟಿ ಬೆಲ್ಲ ತುಪ್ಪ ಹಾಕಿ ಕುಟ್ಟಿ, ಮುಟಗಿ ಮಾಡ್ತಿದ್ಲು. ಒಳಗ ಒಂದು ಹುರದ ಶೇಂಗಾ ಬಚ್ಚಿಡ್ತಿದ್ಲು. ಹುಡುಕಿ ತಿನ್ನು ಅಂತಿದ್ಲು.”

ನಮ್ಮ ಕಡೆ ಮುಟಗಿ ಎಂದರೆ ಬೆಳ್ಳುಳ್ಳಿ, ಉಪ್ಪು, ಖಾರ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಒತ್ತಿದ ರೊಟ್ಟಿಯ ಉಂಡೆ. ಬೆಲ್ಲದ ಮುಟಗಿ, ಅದರೊಳಗೊಂದು ಶೇಂಗಾ, ಯಾವ ಮನೆಯಲ್ಲೂ ಇಲ್ಲದ್ದು. ಚಿಗವ್ವ ಅನುಮಾನಪಡಲಿಲ್ಲ. “ಹೌದ? ಇಷ್ಟ ಏನು!” ಎಂದಳು. ಅವಳ ಮುಖವೆಲ್ಲ ಬೆಳಕಾಯಿತು. ಬಿಲ್ಲೆ ಹಿತ್ತಲಲ್ಲಿ ಬಿದ್ದಿತ್ತೆಂದು ಆಯಿಗೆ ಹೇಳಿದಳು. ತಳಕಲ್ಲಿನ ಬಂಡಿ ನಿಂತಿತು. ಮರುದಿನದ ಚಳಿ ಕಳೆದು ಏಳುತ್ತಿದ್ದಂತೆ ಒಲೆಯ ಮುಂದೆ ಕೂತು ಮುಟಗಿ ಮಾಡಿ ನನ್ನ ಕೈಗಿಟ್ಟಳು. ತಿಂದೆ. ನನ್ನ ಬಾಯಿ ಅಲ್ಲಾಡುವುದನ್ನೇ ನೋಡುತ್ತ, “ಹಂಗ ಐತೇನು? ಅವ್ರು ಮಾಡಿದಂಗ?” ಎಂದಳು. ನಾನು ತಲೆಯಾಡಿಸಿದೆ.

ಅಲ್ಲಿಂದ ಮುಂದೆ ನಾನು ಅವಳ ಕೈಯಿಂದಲೇ ಉಂಡೆ. ಅವಳಿಗೂ ಇಬ್ಬರು ಗಂಡುಮಕ್ಕಳಾದರು. ಮುಟಗಿಗೆ ಅವರು ಕೈಚಾಚಿದರೆ, “ತಡೀರಿ, ಇದು ದೊಡ್ಡವ್ವನ ಅಡಗಿ. ಮೊದಲು ದೊಡ್ಡವ್ವನ ಮಗಳಿಗೆ,” ಎನ್ನುತ್ತಿದ್ದಳು. ನನ್ನನ್ನು ಕುಷ್ಟಗಿಗೆ ಮದುವೆ ಮಾಡಿಕೊಟ್ಟಾಗ, ಸೋಬಾನದ ಹೆಂಗಸರ ನಡುವೆ ನನ್ನ ಅತ್ತೆಯನ್ನು ಕೂರಿಸಿಕೊಂಡು ಅದನ್ನು ಮಾಡುವುದು ಹೇಗೆಂದು ಹೇಳಿಕೊಟ್ಟಳು: “ಇವಳವ್ವನ ಕೈರುಚಿ ಐತ್ರಿ ಇದು. ನಾನು ಬರೇ ಕುಟ್ಟಾಕಿ.” ಎಷ್ಟು ಸಲ ನಿಜ ಹೇಳಬೇಕೆಂದುಕೊಂಡೆನೋ. ಅವಳ ಆ ಹೆಮ್ಮೆ ನೋಡಿದಾಗೆಲ್ಲ, ಇವತ್ತು ಬೇಡ, ಇನ್ನೊಮ್ಮೆ ಹೇಳೋಣ ಅನ್ನಿಸುತ್ತಿತ್ತು.

ಇನ್ನೊಮ್ಮೆ ಬರಲಿಲ್ಲ. ನಿಜಾಮರ ರಾಜ್ಯ ಹೋದ ಮರುವರ್ಷ ಆ ಚಳಿಜ್ವರವೇ ತಿರುಗಿ ಬಂದು ಅವಳನ್ನು ಹಾಸಿಗೆ ಹಿಡಿಸಿತು. ಸುದ್ದಿ ತಿಳಿದು ನಾನು ಬಂಡಿಯಲ್ಲಿ ಬಂದು ಮುಟ್ಟುವ ಹೊತ್ತಿಗೆ ಅಷ್ಟೆತ್ತರದ ಹೆಣ್ಣು ಒಂದು ಹಿಡಿಯಾಗಿದ್ದಳು. ವಯಸ್ಸು ಮೂವತ್ತೂ ಚಿಲ್ಲರೆ. ನನ್ನ ಕೈ ಹಿಡಿದು ನಕ್ಕಳು. ಆ ನಗು ಪಡಸಾಲೆಯವರೆಗೂ ಕೇಳಲಿಲ್ಲ.

“ಅಳಬ್ಯಾಡ,” ಎಂದಳು. “ಅಕ್ಕಾರು ಇಲ್ಲಿಗಂತೂ ಬರ್ಲಿಲ್ಲ, ನಾನ ಹೋಗಿ ಕಾಣ್ತೇನಿ. ಕಂಡ್ಕೂಡ್ಲೆ ಮೊದ್ಲ ಕೇಳ್ತೇನಿ, ಮುಟಗಿ ಬರೋಬ್ಬರಿ ಮಾಡ್ತಿದ್ನಿಲ್ಲೋ ಅಂತ.”

“ಅದು ಅವ್ವಂದಲ್ಲ ಚಿಗವ್ವಾ, ನಿಂದ,” ಅಂದಿದ್ದರೆ ಆಗಿತ್ತು. “ಬರೋಬ್ಬರಿ ಐತಿ, ಅವ್ವ ಮಾಡಿದಂಗ ಐತಿ,” ಎಂದೆ. ಅವಳಿಗೆ ಸಮಾಧಾನವಾಯಿತು. ಮರುದಿನ ಹೊತ್ತು ಏರುವ ಮುಂಚೆ ಹೋದಳು.

ಈಗ ನನಗೆ ಅವರಿಬ್ಬರಿಗಿಂತಲೂ ಹೆಚ್ಚು ವಯಸ್ಸಾಗಿದೆ. ಚಿಗವ್ವ ಅಲ್ಲಿ ಅವ್ವನನ್ನು ಕಂಡೇ ಇರುತ್ತಾಳೆ, ಬಿಡುವವಳಲ್ಲ ಅವಳು. ಸೆರಗು ಸರಿಮಾಡಿಕೊಂಡು, ಮುಟಗಿಯ ಮಾತು ಕೇಳಿಯೂ ಇರುತ್ತಾಳೆ. ಅವ್ವ ತಬ್ಬಿಬ್ಬಾಗಿ, “ಯಾವ ಮುಟಗಿ ತಂಗೀ? ನಾ ಎಂದೂ ಅಂಥದು ಮಾಡ್ಲೇ ಇಲ್ಲ,” ಅಂದಿರಬೇಕು. ಅಂದಿರಲಿ ದೇವರೇ. ಚಿಕ್ಕಂದಿನಲ್ಲಿ ನಾನು ಹೊಟ್ಟೆತುಂಬ ಉಂಡದ್ದೆಲ್ಲ ತನ್ನ ಕೈಯದೇ ಎಂದು ಚಿಗವ್ವನಿಗೆ ಅಲ್ಲಾದರೂ ತಿಳಿದಿರಲಿ.